ಮನೆಮಂದಿಯನ್ನು ನಗಿಸುವ ಫೋಟೋಗಳು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಅಜ್ಜನ ಮೂಗು ಅರ್ಧ ಮುಖ ನುಂಗಿದೆ. ಮಗುವಿಗೆ ನಾಲ್ಕು ಕೈ. ಬೆಕ್ಕಿನ ಕಣ್ಣು ಹಸಿರಾಗಿ ಉರಿಯುತ್ತಿದೆ. ಅತ್ತೆಯ ತಲೆಯ ಮೇಲಿಂದ ಗಿಡವೊಂದು ಎದ್ದಿದೆ. ಮನೆಯೊಳಗೆ ತೆಗೆದ ಫೋಟೋ ಹೀಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಕ್ಕು ಮುಗಿದ ಮೇಲೆ ತೆಗೆದವರು ಡಿಲೀಟ್ ಒತ್ತುತ್ತಾರೆ. "ಈ ಕ್ಯಾಮೆರಾನೇ ಸರಿ ಇಲ್ಲ" ಅನ್ನೋ ಮಾತೂ ಬರುತ್ತದೆ.

ದಯವಿಟ್ಟು ಡಿಲೀಟ್ ಮಾಡಬೇಡಿ. ಚೆನ್ನಾಗಿ ಬಂದ ಫೋಟೋ ನೋಡಿದರೆ ಅದು ಯಾಕೆ ಚೆನ್ನಾಗಿ ಬಂತು ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ. ಕೆಟ್ಟು ಹೋದ ಫೋಟೋ ಹಾಗಲ್ಲ. ತಾನು ಯಾಕೆ ಕೆಟ್ಟೆ ಅನ್ನೋದರ ಗುರುತು ಅದರಲ್ಲೇ ಇರುತ್ತದೆ. ಜನ ನಕ್ಕ ಜಾಗವೇ ಆ ಗುರುತು. ಎಲ್ಲರೂ ಎಲ್ಲಿ ಬೆರಳಿಟ್ಟು ತೋರಿಸಿ ನಗುತ್ತಿದ್ದಾರೋ ಅಲ್ಲಿಂದಲೇ ಹುಡುಕಾಟ ಶುರು ಮಾಡಬಹುದು. ಮನೆಯ ಫೋಟೋಗಳಲ್ಲಿ ಬರುವ ದೋಷಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡೇ. ಬೆಳಕು ಕಡಿಮೆ ಇರುವುದು, ಇಲ್ಲವೇ ಕ್ಯಾಮೆರಾ ತುಂಬ ಹತ್ತಿರ ಇರುವುದು. ಕ್ಯಾಮೆರಾ ಕೆಟ್ಟಿರುವುದು ಅಪರೂಪ.

ಮೊದಲು ಮೂಲ ಫೋಟೋ ತೆರೆಯಿರಿ

ಯಾರೋ ಮೆಸೇಜಿನಲ್ಲಿ ಕಳಿಸಿದ ಪ್ರತಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಮೆಸೇಜ್ ಆಪ್‌ಗಳು ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸಿ ಕಳಿಸುತ್ತವೆ. ತೆಗೆದವರ ಫೋನಿನಲ್ಲಿ ಚೊಕ್ಕಟವಾಗಿ ಇರುವ ಫೋಟೋ ಬೇರೆಯವರ ಫೋನಿನಲ್ಲಿ ಮಸುಕಾಗಿ ಕಾಣಬಹುದು. ಮೂಲದಲ್ಲಿ ಸರಿ ಇದ್ದರೆ ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ. ಅಲ್ಲಿಗೆ ಆ ಕೇಸು ಮುಗಿಯಿತು.

ಮೂಲದಲ್ಲೂ ಕೆಟ್ಟಿದ್ದರೆ, ಗ್ಯಾಲರಿಯಲ್ಲಿ ಆ ಫೋಟೋದ ವಿವರ ತೆರೆಯಿರಿ. ಬಹಳಷ್ಟು ಫೋನುಗಳಲ್ಲಿ ಶಟರ್ ವೇಗ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಯಾವ ಲೆನ್ಸ್, ಫ್ಲ್ಯಾಶ್ ಹೊತ್ತಿತ್ತೋ ಇಲ್ಲವೋ ಎಲ್ಲವೂ ಅಲ್ಲಿ ಸಿಗುತ್ತದೆ. ಶಟರ್ ವೇಗ 1/15 ಅಂತ ಬರೆದಿದ್ದರೆ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾ ಬೆಳಕು ಕುಡಿದಿದೆ ಅಂತ ಅರ್ಥ. ಈ ಒಂದು ಸಂಖ್ಯೆ ನೋಡುವುದನ್ನು ರೂಢಿ ಮಾಡಿಕೊಂಡರೆ ಅರ್ಧ ತನಿಖೆ ಅಲ್ಲೇ ಆಗಿಹೋಗುತ್ತದೆ. ಇಷ್ಟು ಒಳ್ಳೆಯ ಸಾಕ್ಷಿಯನ್ನು ಯಾರೂ ತೆರೆದು ನೋಡುವುದೇ ಇಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮಸುಕು: ಒಂದೇ ರೋಗ ಅಲ್ಲ

"ಬ್ಲರ್ ಆಗಿದೆ" ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಮಸುಕಿನಲ್ಲಿ ಬೇರೆ ಬೇರೆ ಜಾತಿ ಇವೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ, ನಿಧಾನವಾಗಿ ಎಲ್ಲಾ ಮೂಲೆ ನೋಡಿ.

ಗೋಡೆ, ಕುರ್ಚಿ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಕಾಣುತ್ತಿದೆಯಾ? ಕೈ ಅಲುಗಾಡಿದೆ. ದೀಪದ ಚುಕ್ಕಿಯೊಂದು ಫೋಟೋದಲ್ಲಿದ್ದರೆ ಅದನ್ನೇ ನೋಡಿ. ಚುಕ್ಕಿ ಸಣ್ಣ ಗೆರೆಯಾಗಿದ್ದರೆ ಆ ಗೆರೆ ಹೋದ ದಾರಿಯಲ್ಲೇ ನಿಮ್ಮ ಕೈ ಹೋಗಿದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳೆಯ ಲೆಕ್ಕವೊಂದಿದೆ. ಲೆನ್ಸಿನ ಫೋಕಲ್ ಲೆಂತ್ (ಜೂಮ್ ಮಾಡಿದಷ್ಟೂ ಏರುವ ಅಂಕಿ) 50 ಮಿಮೀ ಆದರೆ ಶಟರ್ 1/50ಕ್ಕಿಂತ ನಿಧಾನ ಆಗಬಾರದು, 100 ಮಿಮೀ ಆದರೆ 1/100ಕ್ಕಿಂತ ನಿಧಾನ ಆಗಬಾರದು. ಜೂಮ್ ಮಾಡಿದಷ್ಟೂ ನಡುಕ ಜಾಸ್ತಿ ಕಾಣುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ, ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಇಲ್ಲವೇ ಫೋನನ್ನು ಪುಸ್ತಕಗಳ ಮೇಲೆ ಇಟ್ಟು ಟೈಮರ್ ಹಾಕಿ.

ಕುರ್ಚಿ ಚೊಕ್ಕಟ, ಗೋಡೆ ಚೊಕ್ಕಟ, ಮಗು ಮಾತ್ರ ಒಂದು ಬಣ್ಣದ ಗೀರು? ಆಗ ಅಲುಗಿದ್ದು ಮಗು. ಇಲ್ಲಿ ಕೈ ಗಟ್ಟಿ ಹಿಡಿದರೂ ಪ್ರಯೋಜನವಿಲ್ಲ. ಫೋನಿನಲ್ಲಿರುವ ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಓಡುವ ಮಗುವನ್ನು ತಡೆಯುವುದಿಲ್ಲ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುವ ಮಗು 1/15 ಸೆಕೆಂಡಿನಲ್ಲಿ ಸುಮಾರು 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಅದರ ಮುಖದಷ್ಟೇ ಅಗಲ! ಮುಖ ಎಲ್ಲಿ ಮೂಡಬೇಕು ಪಾಪ? ಅದೇ 1/250 ಆದರೆ ಒಂದು ಸೆಂಟಿಮೀಟರ್ ಕೂಡ ಸರಿಯುವುದಿಲ್ಲ. ಮಕ್ಕಳಿಗೆ, ನಾಯಿಮರಿಗೆ 1/250 ಅಥವಾ ಅದಕ್ಕಿಂತ ವೇಗ ಬೇಕು.

ಈ ದೋಷಕ್ಕೆ ಫೋಟೋಗ್ರಫಿಯಷ್ಟೇ ವಯಸ್ಸು. 1838ರಲ್ಲಿ, ಫೋಟೋಗ್ರಫಿಯನ್ನು ಶುರು ಮಾಡಿದವರಲ್ಲಿ ಒಬ್ಬರಾದ ಲೂಯಿ ಡಾಗೆರ್ ಪ್ಯಾರಿಸ್‌ನ ಬೀದಿಯೊಂದರ ಫೋಟೋ ತೆಗೆದಾಗ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಯಿತು. ಬೀದಿಯಲ್ಲಿ ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯ. ಬೂಟು ಉಜ್ಜಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತಿದ್ದವನೊಬ್ಬ ಮಾತ್ರ ಎದ್ದು ಕಾಣುವಂತೆ ಉಳಿದುಕೊಂಡ. ಮನುಷ್ಯರು ಕಾಣಿಸುವ ಅತ್ಯಂತ ಹಳೆಯ ಫೋಟೋಗಳಲ್ಲಿ ಅದೂ ಒಂದು. ನಿಮ್ಮ ಮಗು ಗೀರಾಗಿ ಹೋಗಿದ್ದರೆ ಅದಕ್ಕೂ ಆಗಿರುವುದು ಇದೇ.

ಇನ್ನೊಂದು ಜಾತಿ: ಮುಖ ಮಸುಕು, ಹಿಂದಿನ ಪರದೆಯ ನೂಲು ನೂಲೂ ಸ್ಪಷ್ಟ. ಫೋಕಸ್ ತಪ್ಪಿ ಪರದೆಗೆ ಹೋಗಿದೆ. ಮುಖದ ಮೇಲೆ ಬೆರಳಿಂದ ಒಮ್ಮೆ ಮುಟ್ಟಿ, ಆಮೇಲೆ ಕ್ಲಿಕ್ ಮಾಡಿ. ಕಪ್ಪು ನಾಯಿ, ಕಪ್ಪು ಬೆಕ್ಕಿನ ವಿಷಯದಲ್ಲಿ ಹೀಗಾಗುವುದು ಜಾಸ್ತಿ. ಫೋಕಸ್ ಹಿಡಿಯಲು ಕ್ಯಾಮೆರಾಗೆ ಅಂಚುಗಳು ಬೇಕು, ಕಪ್ಪು ಮೈಯಲ್ಲಿ ಅಂಚೇ ಸಿಗುವುದಿಲ್ಲ. ಕಣ್ಣಿನ ಹೊಳಪಿನ ಮೇಲೆ ಅಥವಾ ಕುತ್ತಿಗೆಯ ಪಟ್ಟಿಯ ಮೇಲೆ ಮುಟ್ಟಿದರೆ ಕೆಲಸವಾಗುತ್ತದೆ. ಇರುವೆ, ಉಂಗುರ, ಹೂವಿನ ಎಸಳು ಅಂತ ತೀರಾ ಹತ್ತಿರ ಹೋದಾಗಲೂ ಫೋಕಸ್ ಕೈ ಕೊಡುತ್ತದೆ. ಪ್ರತಿ ಲೆನ್ಸಿಗೂ ಇದಕ್ಕಿಂತ ಹತ್ತಿರ ಬರಬೇಡ ಅನ್ನುವ ದೂರ ಒಂದಿರುತ್ತದೆ. ಒಂದು ಗೇಣು ಹಿಂದೆ ಸರಿದು, ಬೇಕಿದ್ದರೆ 2 ಪಟ್ಟು ಜೂಮ್ ಮಾಡಿ.

ಕೊನೆಯ ಜಾತಿ ತುಂಬಾ ಸುಲಭ. ಎಲ್ಲವೂ ಮಂಜು ಮಂಜು, ಪ್ರತಿ ದೀಪದ ಸುತ್ತ ಬೆಳಕಿನ ಜಿಡ್ಡು ಹರಡಿದ ಹಾಗಿದ್ದರೆ ಲೆನ್ಸಿನ ಮೇಲೆ ಬೆರಳಿನ ಎಣ್ಣೆ ಇದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಬೇರೆ ಯಾವ ತನಿಖೆಗೂ ಮೊದಲು ಇದನ್ನೊಮ್ಮೆ ಮಾಡಿಬಿಡುವುದು ಒಳ್ಳೆಯದು.

ಇಷ್ಟಕ್ಕೂ ಬೆಳಕು ಎಷ್ಟು ಕಡಿಮೆ ಇದೆ?

"ಮನೆಯಲ್ಲಿ ಲೈಟ್ ಚೆನ್ನಾಗೇ ಇತ್ತಲ್ಲ!" ಅನ್ನುವವರು ತುಂಬಾ ಜನ. ಅವರ ಕಣ್ಣಿಗೆ ಹಾಗೆ ಕಂಡಿದ್ದು ನಿಜ. ಆದರೆ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿದ್ದರೆ, ರಾತ್ರಿ ದೀಪ ಹಾಕಿದ ಕೋಣೆಯಲ್ಲಿ 100 ಲಕ್ಸ್ ಆಸುಪಾಸು ಇರುತ್ತದೆ. ಸಾವಿರ ಪಟ್ಟು ಕಡಿಮೆ. ನಮ್ಮ ಕಣ್ಣು ಇದಕ್ಕೆ ಸದ್ದಿಲ್ಲದೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಹೊಂದಿಕೊಳ್ಳಬೇಕಾದರೆ ಏನಾದರೊಂದನ್ನು ಬಿಟ್ಟುಕೊಡಬೇಕು. ಶಟರ್ ನಿಧಾನ ಮಾಡಿದರೆ ಮಗು ಗೀರಾಗುತ್ತದೆ. ಐಎಸ್ಒ ಏರಿಸಿದರೆ ಮುಖದ ತುಂಬ ಮರಳಿನಂಥ ಚುಕ್ಕಿ. ಆ ಚುಕ್ಕಿಯನ್ನು ಫೋನು ತಾನೇ ಅಳಿಸಲು ಹೋದರೆ ಗಡ್ಡ, ಹುಬ್ಬು ಎಲ್ಲ ಕರಗಿ ಮುಖ ಮೇಣದ ಬೊಂಬೆಯ ಹಾಗೆ ನುಣ್ಣಗಾಗುತ್ತದೆ.

ಪರಿಹಾರ ಸುಮ್ನೆ ಜಾಗ ಬದಲಿಸುವುದು. ಹಗಲಲ್ಲಿ ಕಿಟಕಿಯಿಂದ ಒಂದು ಮಾರು ದೂರದೊಳಗೆ ಕೂರಿಸಿ, ಮುಖ ಕಿಟಕಿಯ ಕಡೆಗಿರಲಿ. ಮನೆಯೊಳಗಿನ ಫೋಟೋಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕಿಟಕಿ ಅವರ ಬೆನ್ನ ಹಿಂದೆ ಇದ್ದರೆ ಮಾತ್ರ ಕತೆ ಉಲ್ಟಾ. ಹೊರಗಿನ ಮರ ಚೆನ್ನಾಗಿ ಬಂದು, ಮುಂದೆ ಕೂತವರು ಕಪ್ಪು ನೆರಳಾಗುತ್ತಾರೆ. "ಯಾರಿದು?" ಅಂತ ಊಹಿಸುವ ಆಟ ಶುರುವಾಗುತ್ತದೆ. ಕ್ಯಾಮೆರಾ ಇಡೀ ದೃಶ್ಯ ನಡು ಬೂದು ಬಣ್ಣಕ್ಕೆ ಬರಬೇಕು ಅಂತ ಲೆಕ್ಕ ಹಾಕುತ್ತದೆ. ಕಿಟಕಿಯ ಬೆಳಕು ಆ ಲೆಕ್ಕವನ್ನು ಕೆಳಗೆ ಎಳೆಯುತ್ತದೆ. ಮುಖದ ಮೇಲೆ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿ. ಬಿಳಿ ಗೋಡೆ ಬೂದಾಗುವುದಕ್ಕೂ, ಕಪ್ಪು ನಾಯಿ ಬೂದಾಗುವುದಕ್ಕೂ ಇದೇ ಲೆಕ್ಕ ಕಾರಣ. ಗೋಡೆಗೆ ಮೇಲಕ್ಕೆ ಸರಿಸಬೇಕು, ನಾಯಿಗೆ ಕೆಳಕ್ಕೆ.

ಜಾಸ್ತಿ ಕೈ, ಕಡಿಮೆ ಕಾಲು

ಒಬ್ಬರಿಗೆ ನಾಲ್ಕು ಕೈ ಬಂದಿದ್ದರೆ ನೈಟ್ ಮೋಡ್ ಆನ್ ಇತ್ತಾ ನೋಡಿ. ನೈಟ್ ಮೋಡಿನಲ್ಲಿ ಫೋನು ಹಲವು ಫೋಟೋಗಳನ್ನು ಸಾಲಾಗಿ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ಆ ನಡುವೆ ಕೈ ಬೀಸಿದರೆ ಪ್ರತಿ ಜಾಗದಲ್ಲೂ ಒಂದೊಂದು ಅರೆ ಪಾರದರ್ಶಕ ಕೈ ಉಳಿಯುತ್ತದೆ. ಕೂತಲ್ಲೇ ಕೂರುವವರಿಗೆ ನೈಟ್ ಮೋಡ್ ಚೆನ್ನ, ಮಕ್ಕಳಿಗೆ ಬೇಡ.

ನಾಯಿಗೆ ಆರು ಕಾಲು, ಅಥವಾ ತಲೆಯಿಂದ ನೇರವಾಗಿ ಬಾಲ? ಅದು ಪನೋರಮಾ. ಫೋನು ಪಟ್ಟಿ ಪಟ್ಟಿಯಾಗಿ ಚಿತ್ರ ತೆಗೆದು ಹೊಲಿಯುತ್ತದೆ. ಹೊಲಿಗೆ ಮುಗಿಯುವಷ್ಟರಲ್ಲಿ ನಾಯಿ ನಡೆದಿರುತ್ತದೆ. ಫೋನು ತಿರುಗುವ ದಿಕ್ಕಿಗೇ ನಡೆದರೆ ಉದ್ದ ನಾಯಿ, ಎದುರು ದಿಕ್ಕಿಗೆ ನಡೆದರೆ ಗಿಡ್ಡ ನಾಯಿ. ಇದನ್ನು ಬೇಕಂತಲೇ ಮಾಡಿ ಆಡುವ ಮನೆಗಳೂ ಇವೆ, ಮಕ್ಕಳಿಗೆ ತುಂಬಾ ಖುಷಿ ಕೊಡುತ್ತದೆ. ಒಬ್ಬರೇ ಫೋಟೋದ ಎರಡೂ ತುದಿಯಲ್ಲಿ ಇರಬೇಕಾದರೆ, ಮೊದಲ ತುದಿ ಮುಗಿದ ಕೂಡಲೇ ತೆಗೆಯುವವರ ಬೆನ್ನ ಹಿಂದಿನಿಂದ ಓಡಿ ಇನ್ನೊಂದು ತುದಿಗೆ ಸೇರಬೇಕು.

ಮೂಗು ದೊಡ್ಡದು, ಅಂಚಿನವರು ಅಗಲ

ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನಗಿಸುವ ದೋಷ ಇದೇ. ನಗೆಗೆ ಗುರಿಯಾದವರಿಗೆ ಎಲ್ಲಕ್ಕಿಂತ ಜಾಸ್ತಿ ನೋಯಿಸುವುದೂ ಇದೇ. ಹಾಗಾಗಿ ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು.

ಜನ ಲೆನ್ಸನ್ನು ಬೈಯುತ್ತಾರೆ. ಮೂಗಿನ ವಿಷಯದಲ್ಲಿ ತಪ್ಪು ದೂರದ್ದು. ಫೋನು ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಮೂಗು ಕಿವಿಗಿಂತ ಎಷ್ಟೋ ಹತ್ತಿರ ಇರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ದೂರದ ಕಿವಿ ಕೆನ್ನೆಯ ಹಿಂದೆ ಅಡಗುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ ಮೂಗಿಗೂ ಕಿವಿಗೂ ದೂರದಲ್ಲಿ ಹೆಚ್ಚು ಫರಕು ಉಳಿಯುವುದಿಲ್ಲ. 2018ರಲ್ಲಿ ಅಮೆರಿಕದ ಮುಖ ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಲೆಕ್ಕ ಬಂತು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದಂತೆ. ಸೆಲ್ಫಿ ನೋಡಿಕೊಂಡು ಮೂಗು ಸಣ್ಣ ಮಾಡಿಕೊಳ್ಳಲು ಜನ ಬರುತ್ತಿದ್ದುದೇ ಆ ವೈದ್ಯರನ್ನು ಈ ಲೆಕ್ಕಕ್ಕೆ ಹಚ್ಚಿತು. ನಿಮ್ಮ ಮನೆಯಲ್ಲಿ ಯಾರಾದರೂ ಫೋಟೋ ನೋಡಿ "ನನ್ನ ಮೂಗು ಇಷ್ಟು ದೊಡ್ಡದಾ?" ಅಂತ ಸಪ್ಪಗಾದರೆ ಈ ಲೆಕ್ಕವನ್ನು ಹೇಳಿ. ನಾಲ್ಕು ಹೆಜ್ಜೆ ಹಿಂದೆ ಹೋಗಿ, 2 ಪಟ್ಟು ಜೂಮ್ ಮಾಡಿ, ಇನ್ನೊಂದು ತೆಗೆದು ತೋರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅವರ ಮುಖ ಅರಳುವುದನ್ನು ನೋಡಬೇಕು.

ಅಂಚಿನವರು ಅಗಲವಾಗುವುದು ಇದರ ಅಣ್ಣತಮ್ಮ. ಸಣ್ಣ ಕೋಣೆಯಲ್ಲಿ ಎಲ್ಲರನ್ನೂ ಹಿಡಿಸಲು 0.5 ಅಂತ ಬರೆದಿರುವ ಅಲ್ಟ್ರಾವೈಡ್ ಲೆನ್ಸ್ ಹಾಕುತ್ತೀರಿ. ನಡುವಿನವರು ಸರಿ ಇರುತ್ತಾರೆ, ತುದಿಯಲ್ಲಿ ನಿಂತವರ ತಲೆ ಅಡ್ಡಡ್ಡ ಹಿಗ್ಗುತ್ತದೆ. ದುಂಡಗಿನ ತಲೆಯನ್ನು ಚಪ್ಪಟೆ ಚಿತ್ರದ ಅಂಚಿಗೆ ಎಳೆದು ಕೂರಿಸಿದರೆ ಹಾಗೆಯೇ ಆಗುವುದು. ಸಾಲಾಗಿ ನಿಲ್ಲಿಸುವ ಬದಲು ಎರಡು ಸಾಲು ಮಾಡಿ, ಒಂದು ಕೂತು ಒಂದು ನಿಂತು. ನೀವು ಬಾಗಿಲಾಚೆ ಹೋಗಿ ಸಾಮಾನ್ಯ ಲೆನ್ಸಿನಲ್ಲೇ ತೆಗೆಯಿರಿ. ಅಂಚಿಗೆ ಯಾರಾದರೂ ನಿಲ್ಲಲೇಬೇಕು ಅಂದರೆ ಕುರ್ಚಿಯೋ ಗಿಡವೋ ನಿಲ್ಲಲಿ. ಅಂದ ಹಾಗೆ ಮಕ್ಕಳನ್ನು ನಿಂತುಕೊಂಡು ಮೇಲಿಂದ ತೆಗೆದರೆ ದೊಡ್ಡ ತಲೆ, ಪುಟ್ಟ ಕಾಲು ಬರುತ್ತದೆ. ಮೊಣಕಾಲೂರಿ ಅವರ ಕಣ್ಣಿನ ಎತ್ತರಕ್ಕೆ ಬನ್ನಿ.

ಕಣ್ಣಿನ ತಕರಾರು

ಗುಂಪು ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಪ್ರತಿ ಸಲವೂ ಅದೇ ವ್ಯಕ್ತಿ ಅಂತ ಮನೆಯವರು ಆಣೆ ಮಾಡಿ ಹೇಳುತ್ತಾರೆ. ನಾವು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಕಣ್ಣು ಮಿಟುಕಿಸುತ್ತೇವೆ. ಜನ ಹೆಚ್ಚಿದಷ್ಟೂ ಯಾರೋ ಒಬ್ಬರು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚುತ್ತದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದಕ್ಕೆ ಗಣಿತ ಹಾಕಿ 2006ರ ಇಗ್ ನೊಬೆಲ್ ಬಹುಮಾನ ಪಡೆದರು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರ ಸೂತ್ರ ಇಷ್ಟೇ: 20ಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ತಲೆ ಎಣಿಸಿ ಮೂರರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದಾಗ ಎರಡರಿಂದ ಭಾಗಿಸಿ. ಅಷ್ಟು ಫೋಟೋ ತೆಗೆದರೆ ಎಲ್ಲರೂ ಕಣ್ಣು ಬಿಟ್ಟಿರುವ ಒಂದಾದರೂ ಸಿಗುತ್ತದೆ ಅಂತ ಹೆಚ್ಚುಕಮ್ಮಿ ನಂಬಬಹುದು. ಹನ್ನೆರಡು ಜನರಿಗೆ ಹಗಲಲ್ಲಿ ನಾಲ್ಕು, ಮಬ್ಬಿನಲ್ಲಿ ಆರು. ನೋಡಿ, ಇಲ್ಲೂ ಬೆಳಕೇ ಬಂತು. ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಮಿಟುಕುವುದಕ್ಕೆ ಹೆಚ್ಚು ಅವಕಾಶ.

ಕೆಂಪು ಕಣ್ಣಿಗೆ ಕಾರಣ ಫ್ಲ್ಯಾಶ್. ಮಬ್ಬಿನಲ್ಲಿ ಪಾಪೆ ಅಗಲವಾಗಿರುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಅದರ ಬೆಳಕು ಕಣ್ಣಿನ ಒಳಗೋಡೆಗೆ ಬಡಿದು, ಅಲ್ಲಿನ ರಕ್ತದ ಬಣ್ಣ ಹೊತ್ತು ನೇರ ವಾಪಸ್ ಬರುತ್ತದೆ. ಕೋಣೆಯ ದೀಪ ಎಲ್ಲಾ ಹಾಕಿದರೆ ಪಾಪೆ ಕಿರಿದಾಗಿ ಅರ್ಧ ವಾಸಿ. ಬೆಕ್ಕು ನಾಯಿಗಳ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯುವ ಪದರವೊಂದಿದೆ, ರಾತ್ರಿ ಚೆನ್ನಾಗಿ ಕಾಣಲೆಂದು. ಆದ್ದರಿಂದ ಅವುಗಳ ಕಣ್ಣು ಹಸಿರು, ಹಳದಿ, ನೀಲಿ ಆಗಿ ಉರಿಯುತ್ತದೆ. ಅವುಗಳಿಗೆ ಫ್ಲ್ಯಾಶ್ ಬೇಡವೇ ಬೇಡ.

ಫ್ಲ್ಯಾಶಿನ ಇನ್ನೆರಡು ಕಿತಾಪತಿ ಇಲ್ಲೇ ಹೇಳಿಬಿಡುತ್ತೇನೆ. ಮುಂದಿನವರು ಬೆಳ್ಳಗೆ ಸುಟ್ಟು ಹಿಂದಿನವರು ಕತ್ತಲಲ್ಲಿ ಮುಳುಗಿದ್ದರೆ, ದೂರ ಮೂರು ಪಟ್ಟಾದಾಗ ಬೆಳಕು ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಎಲ್ಲರನ್ನೂ ಕ್ಯಾಮೆರಾದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿ ನಿಲ್ಲಿಸಿ. ಗಾಳಿಯಲ್ಲಿ ಬಿಳಿ ದುಂಡು ದುಂಡು ತೇಲುತ್ತಿದ್ದರೆ ದೆವ್ವ ಅಂತ ಹೆದರಬೇಡಿ. ಲೆನ್ಸಿನ ಮುಂದೆಯೇ ಹಾರುತ್ತಿರುವ ಧೂಳಿನ ಕಣಕ್ಕೆ ಫ್ಲ್ಯಾಶ್ ಬಿದ್ದಿದೆ, ಅಷ್ಟೇ.

ಬಣ್ಣ ಮತ್ತು ಪಟ್ಟೆ

ಎಲ್ಲರಿಗೂ ಕಾಮಾಲೆ ಬಂದ ಹಾಗಿದ್ದರೆ ದೀಪದ ಬಣ್ಣ ನೋಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಹಳೆಯ ಬುರುಡೆ ಬಲ್ಬ್ ಸುಮಾರು 2,700 ಕೆಲ್ವಿನ್, ಹಗಲ ಬೆಳಕು ಸುಮಾರು 5,500. ಒಂದೇ ಬಗೆಯ ದೀಪ ಇದ್ದರೆ ಫೋನು ಸರಿ ಮಾಡಿಕೊಳ್ಳುತ್ತದೆ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬ್ ಇದ್ದರೆ ಸೋಲುತ್ತದೆ. ಅರ್ಧ ಮುಖ ನೀಲಿ, ಅರ್ಧ ಹಳದಿ. ಬಲ್ಬ್ ಆರಿಸಿ. ಮುಖ ಹಸಿರಾಗಿದ್ದರೆ ಪಕ್ಕದ ಹಸಿರು ಗೋಡೆ ಅಥವಾ ಪರದೆಯಿಂದ ಬೆಳಕು ಪುಟಿದು ಬಂದಿರುತ್ತದೆ, ಅಲ್ಲಿಂದ ಸರಿಯಿರಿ. ಒಂದು ಮೂಲೆ ಮಾತ್ರ ಗುಲಾಬಿ ಮಂಜಾಗಿದ್ದರೆ ಅದು ನಿಮ್ಮ ಬೆರಳು.

ಫೋಟೋಗೆ ಅಡ್ಡಡ್ಡ ಕಪ್ಪು ಪಟ್ಟೆ ಬಂದಾಗ ಫೋನು ಸತ್ತೇಹೋಯಿತು ಅಂತ ಗಾಬರಿಯಾಗುತ್ತಾರೆ. ಇಲ್ಲ. 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಸಾಲು ಸಾಲಾಗಿ ಚಿತ್ರ ಓದುವುದರಿಂದ, ಮಿನುಗು ಇಳಿದಾಗ ಓದಿದ ಸಾಲು ಕಪ್ಪಾಗುತ್ತದೆ. ಪ್ರೊ ಮೋಡಿನಲ್ಲಿ (ಶಟರ್, ಐಎಸ್ಒ ಎಲ್ಲ ನಾವೇ ಹೊಂದಿಸುವ ಮೋಡ್) ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ. 60 ಹರ್ಟ್ಸ್ ಕರೆಂಟಿರುವ ದೇಶಗಳಲ್ಲಿ 1/60 ಅಥವಾ 1/120. ಬೆಳಕು ಏರಿಸಿ ಇಳಿಸುವ ಸ್ವಿಚ್ ಇದ್ದರೆ ಪೂರ್ತಿ ಏರಿಸಿ.

ತಲೆಯ ಮೇಲೆ ಗಿಡ

ಹಿಂದಿರುವ ಗಿಡ, ಫ್ಯಾನು, ದೀಪದ ಕಂಬ ಫೋಟೋದಲ್ಲಿ ತಲೆಗೆ ಅಂಟಿಕೊಳ್ಳುತ್ತದೆ. ಎದುರಿಗೆ ನೋಡುವಾಗ ಎರಡು ಕಣ್ಣು ಸೇರಿ ಗಿಡ ಹಿಂದಿದೆ ಅಂತ ತಿಳಿಸುತ್ತವೆ. ಕ್ಯಾಮೆರಾಗಿರುವುದು ಒಂದೇ ಕಣ್ಣು. ಕ್ಲಿಕ್ ಮಾಡುವ ಮೊದಲು ಮುಖ ಬಿಟ್ಟು, ತಲೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಅರ್ಧ ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು.

"ನಾನು ಹೀಗಿಲ್ಲ"

ಫೋಟೋ ಚೊಕ್ಕಟವಾಗಿದೆ, ಬೆಳಕೂ ಸರಿ ಇದೆ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಅದರಲ್ಲಿರುವವರು ಮಾತ್ರ ಒಪ್ಪುವುದಿಲ್ಲ. ಈ ದೂರನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ನಮ್ಮ ಮುಖವನ್ನು ನಾವು ದಿನಾ ನೋಡುವುದು ಕನ್ನಡಿಯಲ್ಲಿ, ಎಡಬಲ ತಿರುಗಿ. ಫೋಟೋ ತೋರಿಸುವುದು ಬೇರೆಯವರಿಗೆ ಕಾಣುವ ಮುಖ. ಬೈತಲೆ ಆಚೆ ಹೋಗಿರುತ್ತದೆ, ಸೊಟ್ಟ ನಗು ಇನ್ನೊಂದು ಕಡೆಗೆ ಸೊಟ್ಟಗಿರುತ್ತದೆ. 1977ರಲ್ಲಿ ಮಿಟಾ, ಡರ್ಮರ್ ಮತ್ತು ನೈಟ್ ಎಂಬ ಸಂಶೋಧಕರು ಎರಡೂ ಬಗೆಯ ಚಿತ್ರ ತೋರಿಸಿ ಕೇಳಿದಾಗ, ಹೆಚ್ಚಿನವರು ತಮ್ಮ ಕನ್ನಡಿ ರೂಪವನ್ನೇ ಮೆಚ್ಚಿದರು. ಅವರ ಗೆಳೆಯರು ಮೆಚ್ಚಿದ್ದು ನೇರ ಫೋಟೋವನ್ನು. ಎಡಿಟ್‌ಗೆ ಹೋಗಿ ಫೋಟೋವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ ತೋರಿಸಿ. "ಹಾಂ, ಇದು ನಾನು" ಅಂದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ.

ಕ್ಯಾಮೆರಾದ ಮೇಲೆಯೇ ಅನುಮಾನ ಬಂದರೆ

ಮೇಲಿನ ಯಾವುದಕ್ಕೂ ಹೊಂದದ ದೋಷ ಮತ್ತೆ ಮತ್ತೆ ಬರುತ್ತಿದ್ದರೆ ಆಗ ಪರೀಕ್ಷೆ ಮಾಡಿ. ಕವರ್ ತೆಗೆದಿಡಿ, ಲೆನ್ಸ್ ಒರೆಸಿ. ಹಗಲು ಬೆಳಕಿನಲ್ಲಿ, ಸಣ್ಣ ಅಕ್ಷರಗಳಿರುವ ದೊಡ್ಡ ಹಾಳೆಯೊಂದನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. ಫೋನನ್ನು ಅದರೆದುರು ನೇರವಾಗಿ ಆನಿಸಿಟ್ಟು, ಟೈಮರ್ ಹಾಕಿ ತೆಗೆಯಿರಿ. ಆಮೇಲೆ ಫೋನನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಮಸುಕು ಹಾಳೆಯ ಅದೇ ಮೂಲೆಯಲ್ಲಿ ಉಳಿದರೆ ಹಾಳೆ ಸರಿಯಾಗಿ ಅಂಟಿಲ್ಲ, ಅಥವಾ ಫೋನು ಓರೆಯಾಗಿದೆ. ಫೋನಿನ ಜೊತೆಗೇ ಮಸುಕೂ ಎದುರು ಮೂಲೆಗೆ ತಿರುಗಿದರೆ ಲೆನ್ಸ್ ಜರುಗಿದೆ. ಬಿಳಿ ಗೋಡೆಯ ಫೋಟೋದಲ್ಲಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಕಲೆ ಬಂದರೆ ಒಳಗೆ ಧೂಳು ಸೇರಿದೆ. ಆಗ ರಿಪೇರಿಗೆ ಕೊಡಿ. ಕೊಡುವಾಗ ಹಾಳೆಯ ಆ ಎರಡು ಫೋಟೋಗಳನ್ನೂ ತೋರಿಸಿ, ನೋಡುವವರಿಗೆ ಕೆಲಸ ಸುಲಭವಾಗುತ್ತದೆ.